ಪಾರ್ಟು ಪುಸ್ತಕಗಳು

ಪುಸ್ತಕಗಳಲ್ಲಿ ಓದುವ ಪುಸ್ತಕ, ಆಡುವ ಪುಸ್ತಕ ಎಂದು ಎರಡು ಬಗೆ. ಓದುವ ಪುಸ್ತಕವನ್ನು ಕೂಡಿಡುವವರ ವಿಚಾರ ನಮಗೆ ಹೊಸದಲ್ಲ. ಮೆಚ್ಚಿನ ಕವಿಯ ಮೊದಲ ಮುದ್ರಣಕ್ಕಾಗಿ ಊರೂರು ಅಲೆಯುವವರು, ಓಲೆಗರಿಯ ಕಟ್ಟೊಂದನ್ನು ಕಂಡರೆ ಊಟದ ಹೊತ್ತನ್ನೂ ಮರೆಯುವವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ನಾವು ಗೌರವಿಸುತ್ತೇವೆ ಕೂಡ. ಆದರೆ ಆಡುವ ಪುಸ್ತಕದ ಮಾತು ಬೇರೆ. ಅದು ಒಬ್ಬನೇ ಮೂಲೆಯಲ್ಲಿ ಕುಳಿತು ಓದಲೆಂದು ಹುಟ್ಟಿದ್ದಲ್ಲ. ಹತ್ತು ಜನ ಸುತ್ತ ಕುಳಿತು, ನೀನು ದುರ್ಯೋಧನ, ನಾನು ಶಕುನಿ ಎಂದು ಪಾತ್ರಗಳನ್ನು ಹಂಚಿಕೊಂಡು, ಪುಸ್ತಕದಲ್ಲಿ ಇರುವುದನ್ನು ನುಡಿದು, ಇಲ್ಲದ್ದನ್ನು ಬೇಕಾದಷ್ಟು ಸೇರಿಸಿ, ಬೆಳಕು ಹರಿಯುವವರೆಗೆ ತಾವಲ್ಲದವರಾಗಿ ಬಾಳುವುದಕ್ಕೆ ಅದೊಂದು ನೆಪ. ಆಟ ಮುಗಿದರೆ ಅದರ ಕೆಲಸವೂ ಮುಗಿಯಿತು. ಅಂಥ ಪುಸ್ತಕವನ್ನು ಯಾರು ಕೂಡಿಡಬೇಕು? ಏತಕ್ಕಾಗಿ ಕೂಡಿಡಬೇಕು?

ಕೂಡಿಡುವವರು ಇಲ್ಲದಿಲ್ಲ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ವೀರನಾಗುತ್ತಾನೆ, ಒಬ್ಬ ಮಾಂತ್ರಿಕನಾಗುತ್ತಾನೆ, ಮತ್ತೊಬ್ಬ ಕಳ್ಳನಾಗುತ್ತಾನೆ. ಸೂತ್ರಧಾರನೊಬ್ಬ ಕಥೆಯನ್ನು ನಡೆಸುತ್ತಾನೆ. ಸೋಲುಗೆಲವು ದಾಳದ ಕೈಯಲ್ಲಿ. ಒಂದು ಡಬ್ಬಿಯೊಳಗೆ ಮೂರು ಪುಟ್ಟ ಪುಸ್ತಕಗಳಿಟ್ಟು ಮಾರಿದ ಆ ಆಟದ ಮೊದಲ ಮುದ್ರಣ 1000 ಪ್ರತಿ. ಇಂದು ಆ ಡಬ್ಬಿಗಳಲ್ಲಿ ಒಂದು ಸಿಕ್ಕಿದರೆ ಸಾವಿರಾರು ಡಾಲರು ಕೊಟ್ಟು ಕೊಳ್ಳುವವರಿದ್ದಾರೆ. ರಾಚೆಸ್ಟರ್ ನಗರದಲ್ಲಿ ಆಟಗಳಿಗೆಂದೇ ಇರುವ ‘ದಿ ಸ್ಟ್ರಾಂಗ್’ ಎಂಬ ವಸ್ತುಸಂಗ್ರಹಾಲಯ 2016ರಲ್ಲಿ ತನ್ನ ಆಟಿಕೆಗಳ ಗೌರವಪಟ್ಟಿಗೆ ಈ ಆಟವನ್ನು ಸೇರಿಸಿತು. ಇದೆಲ್ಲ ನನಗೆ ತಿಳಿದದ್ದು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತ ಇಂಥ ಪುಸ್ತಕಗಳನ್ನು ಒಂದು ಬೀರುವಿನ ತುಂಬ ಕೂಡಿಹಾಕಿದ್ದಾನೆ. “ಎಷ್ಟು ಸಲ ಆಡಿದ್ದೀಯಪ್ಪ?” ಎಂದು ಕೇಳಿದೆ. “ಆಡೋಕೆ ನಾಲ್ಕು ಜನ ಒಟ್ಟಿಗೆ ಬಿಡುವಾಗಿ ಸಿಕ್ಕಬೇಕಲ್ಲ ಸಾರ್? ಪುಸ್ತಕ ಇದ್ದರೆ ಎಂದಾದರೂ ಆಡಬಹುದು ಅಂತ” ಎಂದ.

ಕೇಳಿದವರಿಗೆ ನಗು ಬಂದೀತು, ನನಗೆ ಬರಲಿಲ್ಲ. ನನ್ನ ಮನೆಯಲ್ಲಿಯೂ ಅಂಥದೊಂದು ಬೀರು ಇದೆ. ಅದರಲ್ಲಿರುವುದು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಹದಿನೈದು ವರ್ಷಗಳಲ್ಲಿ ಕೂಡಿದ ನಾಟಕದ ಪುಸ್ತಕಗಳು. ಹೊದಿಕೆ ಹರಿದವು, ಕೊನೆಯ ಅಂಕ ಕಳೆದುಕೊಂಡವು, ಬೆಲೆಯ ಜಾಗದಲ್ಲಿ ಆಣೆಗಳ ಲೆಕ್ಕವಿರುವವು, ದೀಪದ ಎಣ್ಣೆ ಕುಡಿದು ಕನ್ನಡಿಯಂತೆ ಪಾರದರ್ಶಕವಾದವು. ನನ್ನ ಮನೆಯವರ ದೃಷ್ಟಿಯಲ್ಲಿ ಅವೆಲ್ಲ ಒಲೆಗೆ ಯೋಗ್ಯವಾದ ವಸ್ತುಗಳು. ಅವರ ಅಭಿಪ್ರಾಯವನ್ನು ಪುಷ್ಟೀಕರಿಸಲು ಗೆದ್ದಲೂ ಬೆಳ್ಳಿಮೀನಿನಂಥ ಹುಳುವೂ ವರ್ಷವರ್ಷವೂ ಬರುತ್ತವೆ. ನಾನು ಬೇವಿನ ಎಲೆ, ಬಜೆ, ನುಸಿಗುಳಿಗೆ ಎಲ್ಲವನ್ನೂ ಪ್ರಯೋಗಿಸುತ್ತ ಬಂದಿದ್ದೇನೆ.

ನಮ್ಮ ಈ ಸೀಮೆಯಲ್ಲಿ ನಾಟಕವೆಂದರೆ ಏನೆಂಬುದನ್ನು ದೂರದ ಓದುಗರಿಗೆ ನಾಲ್ಕು ಮಾತಿನಲ್ಲಿ ಹೇಳಬೇಕು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಸುತ್ತೂರಿನ ಜಾತ್ರೆ, ಮುಡುಕುತೊರೆಯ ಜಾತ್ರೆ, ಶಿವರಾತ್ರಿ, ನಂಜನಗೂಡಿನ ದೊಡ್ಡ ತೇರು ಎಂದು ಒಂದರ ಹಿಂದೆ ಒಂದು ಬರುವ ದಿನಗಳಲ್ಲಿ, ಕಪಿಲೆಯ ಎರಡು ದಡದ ಹಳ್ಳಿಗಳಲ್ಲಿಯೂ ‘ಕುರುಕ್ಷೇತ್ರ’ವೋ ‘ದಾನಶೂರ ಕರ್ಣ’ವೋ ‘ಸಂಪೂರ್ಣ ರಾಮಾಯಣ’ವೋ ನಡೆಯುತ್ತದೆ. ಆಡುವವರು ವೃತ್ತಿಯ ನಟರಲ್ಲ. ಭತ್ತ ಬೆಳೆಯುವವರು, ಹಾಲಿನ ಡೈರಿಯ ಕಾರ್ಯದರ್ಶಿ, ಬಸ್ಸಿನ ಚಾಲಕ, ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಪಾತ್ರಕ್ಕೆ ಸಂಬಳವಿಲ್ಲ; ಪಾತ್ರ ಬೇಕೆಂದವನೇ ಹಣ ಕೊಡಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ಸೈನಿಕನಿಗೆ ಕಡಿಮೆ. ಆ ಹಣದಿಂದ ಸೀನರಿಯವರಿಗೂ ಮೈಕಿನವರಿಗೂ ಹೊರಗಿನಿಂದ ಬರುವ ನಟಿಯರಿಗೂ ಸಲ್ಲಬೇಕು. ಎರಡು ಮೂರು ತಿಂಗಳು ರಾತ್ರಿಯೆಲ್ಲ ಅಭ್ಯಾಸ. ಅಭ್ಯಾಸದ ಗುರು ಹಾರ್ಮೋನಿಯಂ ಮೇಷ್ಟ್ರು. ಊರಿನಲ್ಲಿ ಬರಿದೆ ‘ಮೇಷ್ಟ್ರು’ ಎಂದರೆ ಅವರೇ. ನಾನು ಹೋದರೆ ‘ಕಾಲೇಜ್ ಮೇಷ್ಟ್ರು’, ಅಂದರೆ ಒಂದು ಮೆಟ್ಟಿಲು ಕೆಳಗೆ.

ಈ ನಾಟಕಗಳ ಬೇರು ಕಂಪನಿ ನಾಟಕದಲ್ಲಿದೆ. ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳ ಕಾಲದಲ್ಲಿ ಹುಟ್ಟಿ, ವರದಾಚಾರ್ಯರ ಕಂಠದಲ್ಲಿ ಬೆಳೆದು, ಗುಬ್ಬಿ ವೀರಣ್ಣನವರ ಕೈಯಲ್ಲಿ ಆನೆ ಕುದುರೆಗಳ ಸಮೇತ ರಂಗವನ್ನೇರಿದ ಪರಂಪರೆ ಅದು. ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗೆ ಬರೆದ ‘ಕುರುಕ್ಷೇತ್ರ’ 1930ರ ದಶಕದಲ್ಲಿ ಜನರನ್ನು ಮರುಳುಗೊಳಿಸಿತು. ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅವುಗಳಲ್ಲಿ ಹಾರ್ಮೋನಿಯಂ ನುಡಿಸಿದವರು, ಸಣ್ಣಪುಟ್ಟ ಪಾತ್ರ ವಹಿಸಿದವರು ಹಳ್ಳಿಗಳಿಗೆ ಹಿಂದಿರುಗಿದರು. ಬರುವಾಗ ನಾಟಕವನ್ನು ತಲೆಯಲ್ಲಿಯೂ ಟ್ರಂಕಿನಲ್ಲಿಯೂ ತುಂಬಿಕೊಂಡು ಬಂದರು. ಬೆಂಗಳೂರಿನ ಚಿಕ್ಕಪೇಟೆ ಬಳೇಪೇಟೆಗಳ ಪ್ರಕಾಶಕರು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿಸಿದ ಪ್ರತಿಗಳು ಜಾತ್ರೆಯ ಅಂಗಡಿಗಳಲ್ಲಿ ಪಂಚಾಂಗದ ಪಕ್ಕದಲ್ಲಿ ಮಾರಾಟವಾದವು. ಹೀಗೆ ಅರಮನೆಯ ನಾಟಕ ಕಣದ ನಾಟಕವಾಯಿತು.

ಆಡುವ ಪುಸ್ತಕ ಇಲ್ಲಿ ಮೂರು ರೂಪದಲ್ಲಿ ಸಿಕ್ಕುತ್ತದೆ. ಮೊದಲನೆಯದು ಅಚ್ಚಾದ ಪುಸ್ತಕ. ಪದ್ಯಗಳ ತಲೆಯ ಮೇಲೆ ‘ಮಟ್ಟು’ ಎಂದು ಬರೆದು, ಆ ಧಾಟಿಯ ಬೇರೊಂದು ಹಾಡಿನ ಹೆಸರು ಕೊಟ್ಟಿರುತ್ತಾರೆ. ಹಳೆಯ ಪುಸ್ತಕಗಳಲ್ಲಿ ಹಿಂದೂಸ್ತಾನಿ, ಪಾರಸಿ ನಾಟಕದ ಮಟ್ಟುಗಳು. ಈಚಿನವುಗಳಲ್ಲಿ ಸಿನಿಮಾ ಹಾಡುಗಳು. ಆ ಮೂಲ ಹಾಡು ಮರೆತುಹೋದರೆ ಮಟ್ಟಿನ ಹೆಸರು ಯಾರೂ ತೆರೆಯಲಾರದ ಬೀಗವಾಗುತ್ತದೆ. ಎರಡನೆಯದು ಮೇಷ್ಟ್ರ ನೋಟುಬುಕ್ಕು: ಎರಡು ಮೂರು ಅಚ್ಚು ಪುಸ್ತಕಗಳಿಂದ ಆಯ್ದು, ಕತ್ತರಿಸಿ, ಹೊಲಿದು, ತನ್ನ ಕಂದಗಳನ್ನು ಸೇರಿಸಿ ಆತ ಮಾಡಿಕೊಂಡ ಪೂರ್ತಿ ನಾಟಕ. ಮೂರನೆಯದೇ ‘ಪಾರ್ಟು’. ಒಬ್ಬ ಪಾತ್ರಧಾರಿಗೆ ಅವನ ಮಾತು, ಅವನ ಪದ್ಯ ಮಾತ್ರ ಬರೆದುಕೊಟ್ಟ ಪುಟ್ಟ ಪುಸ್ತಕ. ಎದುರಿನವನ ಮಾತು ಅದರಲ್ಲಿಲ್ಲ. ಅವನ ಮಾತಿನ ಕೊನೆಯ ಎರಡು ಮೂರು ಪದಗಳಷ್ಟೇ ಇರುತ್ತವೆ, ತಾನು ಬಾಯಿ ತೆರೆಯಬೇಕಾದ ಹೊತ್ತು ತಿಳಿಯಲೆಂದು. ಸಾಹಿತ್ಯದಲ್ಲಿ ಇಷ್ಟು ಏಕಾಂಗಿಯಾದ ಪುಸ್ತಕ ಇನ್ನೊಂದಿಲ್ಲ. ಒಂದು ಇಡೀ ಮಹಾಭಾರತವನ್ನು ಕೇವಲ ಕರ್ಣನ ಕಿವಿಯಿಂದ ಕೇಳಿದಂತೆ ಅದು.

ಇದು ನಮ್ಮ ಹಳ್ಳಿಯ ಬಡತನದ ಉಪಾಯವೆಂದು ತಿಳಿಯಬಾರದು. ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿಯೂ ನಟರಿಗೆ ಕೊಡುತ್ತಿದ್ದದ್ದು ಇಂಥ ಪಾರ್ಟುಗಳನ್ನೇ. ಆ ಕಾಲದ ಸಾವಿರಾರು ಪಾರ್ಟುಗಳಲ್ಲಿ ಅಲ್ಲಿಯ ವೃತ್ತಿರಂಗಭೂಮಿಯದೆಂದು ಇಂದು ಉಳಿದಿರುವುದು ಒಂದೇ ಒಂದು: ರಾಬರ್ಟ್ ಗ್ರೀನ್ ಬರೆದ ನಾಟಕದಲ್ಲಿ ಎಡ್ವರ್ಡ್ ಆಲಿನ್ ಎಂಬ ನಟ ವಹಿಸಿದ ಆರ್ಲಾಂಡೋ ಪಾತ್ರದ್ದು. ಆಲಿನ್ ಹಣವಂತನಾಗಿ ಡಲ್ಲಿಚ್ ಎಂಬಲ್ಲಿ 1619ರಲ್ಲಿ ಕಾಲೇಜೊಂದನ್ನು ಸ್ಥಾಪಿಸಿದ. ಅವನ ಕಾಗದಪತ್ರಗಳ ಜೊತೆಗೆ ಈ ಪಾರ್ಟೂ ಅಲ್ಲಿ ಉಳಿಯಿತು. ಅದನ್ನು ಬರೆದವನು ಬೇರೊಬ್ಬ. ಅಲ್ಲಲ್ಲಿ ಆಲಿನ್ ತಾನೇ ತಿದ್ದಿದ್ದಾನೆ. ಅಚ್ಚಾದ ನಾಟಕಕ್ಕೂ ಈ ಪಾರ್ಟಿಗೂ ಹೋಲಿಸಿದರೆ ಎಷ್ಟೋ ವ್ಯತ್ಯಾಸಗಳು. ರಂಗದ ಮೇಲೆ ನಡೆದದ್ದು ಒಂದು, ಪುಸ್ತಕದಂಗಡಿಗೆ ಬಂದದ್ದು ಇನ್ನೊಂದು ಎಂಬುದಕ್ಕೆ ಆ ಹಾಳೆಗಳು ಸಾಕ್ಷಿ.

ಉಳಿದವು ಏಕೆ ಉಳಿಯಲಿಲ್ಲ? ಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೆ. 1602ರಲ್ಲಿ ಆಕ್ಸ್‌ಫರ್ಡಿನ ಮಹಾ ಗ್ರಂಥಾಲಯವನ್ನು ತೆರೆದ ಥಾಮಸ್ ಬಾಡ್ಲಿ ದೊಡ್ಡ ವಿದ್ಯಾಭಿಮಾನಿ. ಆದರೆ ಆತ ತನ್ನ ಗ್ರಂಥಪಾಲಕನಿಗೆ 1612ರಲ್ಲಿ ಬರೆದ ಪತ್ರದಲ್ಲಿ ನಾಟಕದ ಪುಸ್ತಕಗಳನ್ನು ಕಸದ ಸಾಲಿಗೆ ಸೇರಿಸಿದ. ನಲವತ್ತಕ್ಕೆ ಒಂದು ಕೂಡ ಇಡಲು ತಕ್ಕದ್ದಲ್ಲವೆಂಬುದು ಅವನ ಭಾವನೆ. 1623ರಲ್ಲಿ ಷೇಕ್ಸ್‌ಪಿಯರನ ನಾಟಕಗಳ ಮೊದಲ ಮಹಾಸಂಪುಟ ಅಚ್ಚಾದಾಗ ಅದೇನೋ ಅಲ್ಲಿಗೆ ಬಂತು. ಆದರೆ 1664ರಲ್ಲಿ ಹೆಚ್ಚು ನಾಟಕಗಳಿದ್ದ ಹೊಸ ಮುದ್ರಣ ಬಂದ ಮೇಲೆ ಹಳೆಯದನ್ನು ಹೊರಗೆ ಸಾಗಹಾಕಿದರು. ಆ ಪ್ರತಿ ಮತ್ತೆ ಪತ್ತೆಯಾದದ್ದು 1905ರಲ್ಲಿ; ಮರುವರ್ಷ ಜನರಿಂದ ಚಂದಾ ಎತ್ತಿ 3000 ಪೌಂಡು ಕೊಟ್ಟು ಗ್ರಂಥಾಲಯ ತಾನು ಬಿಟ್ಟಿದ್ದನ್ನೇ ಮತ್ತೆ ಕೊಂಡಿತು. ಆ ಪ್ರತಿಯಲ್ಲಿ ಓದುಗರ ಕೈ ತಗುಲಿ ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ರೋಮಿಯೋ ಜೂಲಿಯೆಟ್ಟರ ಪುಟಗಳಂತೆ. ಹೊಸ ಪ್ರತಿಯಿಂದ ಈ ಸಂಗತಿ ನಮಗೆ ತಿಳಿಯುತ್ತಿತ್ತೆ? ಸವೆತವೂ ಒಂದು ಬಗೆಯ ಬರವಣಿಗೆಯೇ.

ನಮ್ಮಲ್ಲಿ ಬಾಡ್ಲಿಯ ಮನೋಧರ್ಮ ಇಂದಿಗೂ ಹಸುರಾಗಿದೆ. ಮೈಸೂರು ಸೀಮೆ ಹಸ್ತಪ್ರತಿಗಳಿಗೆ ಮರ್ಯಾದೆ ಕೊಡದ ನಾಡಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಪಂಡಿತರೊಬ್ಬರು ತಂದುಕೊಟ್ಟ ಓಲೆಯ ಕಟ್ಟಿನಲ್ಲಿಯೇ ಅಲ್ಲವೆ ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದ್ದು, 1909ರಲ್ಲಿ ಅಚ್ಚು ಹಾಕಿಸಿ ಜಗತ್ತಿನ ಕಣ್ಣು ತೆರೆಸಿದ್ದು? ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ 1968ರಲ್ಲಿ ರೂಪುಗೊಂಡ ಜಾನಪದ ವಸ್ತುಸಂಗ್ರಹಾಲಯ ಹಳ್ಳಿಯ ಗೊಂಬೆಗಳನ್ನೂ ವೇಷಭೂಷಣಗಳನ್ನೂ ಆದರದಿಂದ ಕಾಪಾಡಿದೆ. ಕಿರೀಟಕ್ಕೆ ಗಾಜಿನ ಪೆಟ್ಟಿಗೆ ಸಿಕ್ಕುತ್ತದೆ. ಕಿರೀಟ ಧರಿಸಿದವನು ಬಾಯಿಪಾಠ ಮಾಡಿದ ನಲವತ್ತು ಪುಟದ ನೋಟುಬುಕ್ಕನ್ನು ಯಾರೂ ಕೇಳುವುದಿಲ್ಲ. ಜಾನಪದದವರಿಗೆ ಅದು ಬರೆದದ್ದು, ಆದ್ದರಿಂದ ಜನಪದವಲ್ಲ. ಸಾಹಿತ್ಯದವರಿಗೆ ಅದು ಅಚ್ಚಾಗದ್ದು, ತಪ್ಪುಗಳಿಂದ ತುಂಬಿದ್ದು, ಆದ್ದರಿಂದ ಸಾಹಿತ್ಯವಲ್ಲ. ಪ್ರಕಟವಾದ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕೆಂದು 1954ರ ಕಾಯಿದೆ ವಿಧಿಸಿದೆ. ಪಾರ್ಟು ಪ್ರಕಟಣೆಯಲ್ಲವಾದ್ದರಿಂದ ಯಾವ ಕಾಯಿದೆಯ ಕಣ್ಣಿಗೂ ಬೀಳದು. ಹಿಂದೊಮ್ಮೆ ಒಂದು ಗ್ರಂಥಾಲಯದವರಿಗೆ ನನ್ನಲ್ಲಿ ಎರಡೆರಡು ಇದ್ದ ಪ್ರತಿಗಳನ್ನು ಉಚಿತವಾಗಿ ಕೊಡಲು ಹೋದೆ. “ಬೈಂಡ್ ಮಾಡಿಸಿ ತನ್ನಿ, ನೋಡೋಣ” ಎಂದರು. ಬೈಂಡು ಮಾಡುವವನು ಅಂಚನ್ನು ಕತ್ತರಿಸುತ್ತಾನೆ; ಅಂಚಿನಲ್ಲಿಯೇ ಇರುವುದು ನನಗೆ ಬೇಕಾದದ್ದು. ಎಲ್ಲವನ್ನೂ ಹೊತ್ತುಕೊಂಡು ಹಿಂದಕ್ಕೆ ಬಂದೆ.

ಕರಾವಳಿಯವರು ಈ ವಿಷಯದಲ್ಲಿ ನಮಗಿಂತ ಎಚ್ಚರದವರು. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಯಕ್ಷಗಾನ ಪ್ರಸಂಗಗಳಿವೆ. ತಾಳಮದ್ದಳೆಯಂತೂ ವೇಷವಿಲ್ಲದೆ ಕುಳಿತು ಪಾತ್ರವಾಗುವ ಕಲೆ. ಪ್ರಸಂಗದ ಪುಸ್ತಕದಲ್ಲಿ ಪದ್ಯ ಮಾತ್ರ. ಮಾತೆಲ್ಲ ಅರ್ಥಧಾರಿಯ ಆಶುಪ್ರತಿಭೆ. ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಅವರು ಪ್ರಸಂಗಗಳನ್ನು ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಿದರು. ಕಾರಂತರು ‘ಯಕ್ಷಗಾನ ಬಯಲಾಟ’ ಬರೆದದ್ದು ಹಳೆಯ ಪ್ರತಿಗಳನ್ನು ಹುಡುಕಿ ಅಲೆದ ಮೇಲೆ. ಈಚೆಗೆ ‘ಯಕ್ಷವಾಹಿನಿ’ ಎಂಬ ಪ್ರತಿಷ್ಠಾನದವರು ಪ್ರಸಂಗಗಳ ಗಣಕ ಪ್ರತಿಗಳನ್ನು ಮಾಡಿ ಯಾರು ಬೇಕಾದರೂ ಪಡೆಯುವಂತೆ ಇಟ್ಟಿದ್ದಾರೆ. ಬಯಲುಸೀಮೆಯ ಕುರುಕ್ಷೇತ್ರಕ್ಕೆ ಇಂಥ ಅದೃಷ್ಟ ಬಂದಿಲ್ಲ.

ನಮ್ಮ ಪಕ್ಕದ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ‘ಪುಸ್ತಕ ಮನೆ’ಯನ್ನು ಕಂಡವರಿಗೆ ಸಂಗ್ರಹದ ಹಂಬಲ ಯಾವ ಎತ್ತರಕ್ಕೆ ಏರಬಲ್ಲದೆಂಬುದು ತಿಳಿದಿರುತ್ತದೆ. ಬಸ್ಸಿನ ನಿರ್ವಾಹಕರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಹಣವನ್ನು ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಸೇರಿಸಿದ ಮಹಾನುಭಾವರು ಅವರು. ನನ್ನದು ಅವರ ಮುಂದೆ ಗುಬ್ಬಚ್ಚಿಯ ಕಾಳು. ಆದರೆ ಅವರಿಗಿಲ್ಲದ ಒಂದು ತೊಡಕು ನನಗಿದೆ. ಓದಿದ ಪುಸ್ತಕವನ್ನು ಮಾಲೀಕ ಸಂತೋಷದಿಂದ ಕೊಟ್ಟಾನು; ಆಡುವ ಪುಸ್ತಕವನ್ನು ಕೊಡಲಾರ. “ಮುಂದಿನ ಶಿವರಾತ್ರಿಗೆ ಬೇಕಲ್ವ ಮೇಷ್ಟ್ರೆ” ಎನ್ನುತ್ತಾನೆ. ಇದು ನ್ಯಾಯವಾದ ಮಾತು. ನಾನು ಕೊಂಡು ಬೀರುವಿನಲ್ಲಿಟ್ಟರೆ ಪುಸ್ತಕ ಉಳಿಯುತ್ತದೆ, ಆಟ ನಿಲ್ಲುತ್ತದೆ. ಅವನ ಹತ್ತಿರವೇ ಬಿಟ್ಟರೆ ಆಟ ನಡೆಯುತ್ತದೆ, ಪುಸ್ತಕ ಸವೆಯುತ್ತದೆ. ಮೊದಲಿನಿಂದಲೂ ನನ್ನ ನಿಯಮ ಒಂದು: ಇನ್ನೂ ಆಡುತ್ತಿರುವವರಿಂದ ಕೇಳುವುದಿಲ್ಲ, ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತೇನೆ. ನನ್ನ ಬೀರುವಿನಲ್ಲಿರುವುದೆಲ್ಲ ಆಟ ನಿಂತುಹೋದ ಊರುಗಳದು, ಅಥವಾ ಆಡಿದವರು ತೀರಿಕೊಂಡ ಮನೆಗಳದು. ಅದನ್ನು ನೆನೆದಾಗ ಬೀರುವಿನ ಬಾಗಿಲು ತೆಗೆಯುವುದಕ್ಕೆ ಕೆಲವು ಸಲ ಮನಸ್ಸಾಗುವುದಿಲ್ಲ.

ಪುಸ್ತಕವನ್ನು ಮಾಲೀಕನಲ್ಲಿಯೇ ಬಿಟ್ಟರೆ ಏನಾದೀತು ಎಂಬುದಕ್ಕೆ ಕಪಿಲೆ ಒಂದು ಉತ್ತರ ಕೊಟ್ಟಳು. 2018ರ ಮಳೆಗಾಲದಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ, ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಹದಿನಾರು ಕಾಲು ಮಂಟಪವನ್ನು ಮುಳುಗಿಸಿ, ತೋಪಿನ ಬೀದಿ, ಹಳ್ಳದ ಕೇರಿ ಮೊದಲಾದ ತಗ್ಗಿನ ಬೀದಿಗಳಿಗೆ ನುಗ್ಗಿತು. ಅಂಥ ಒಂದು ಬೀದಿಯಲ್ಲಿ ಎಂಬತ್ತು ದಾಟಿದ ಹಾರ್ಮೋನಿಯಂ ಮೇಷ್ಟ್ರೊಬ್ಬರ ಮನೆ. ಎರಡೂ ತಾಲ್ಲೂಕುಗಳ ಇಪ್ಪತ್ತು ಮೂವತ್ತು ಹಳ್ಳಿಗಳಿಗೆ ನಾಟಕ ಕಲಿಸಿದವರು. ಅವರ ಟ್ರಂಕಿನ ವಿಷಯವನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ತಿಳಿಸಿದ್ದು ನೀರು ಇಳಿದ ಮೂರನೆಯ ದಿನ. ಹೋಗಿ ನೋಡಿದರೆ, ಅವರ ಸೊಸೆ ಪುಸ್ತಕಗಳನ್ನು ಬಿಚ್ಚಿ, ಹಪ್ಪಳ ಒಣಗಿಸುವಂತೆ ಮಹಡಿಯ ಮೇಲೆ ಹರಡಿ, ಒಂದೊಂದರ ಮೇಲೂ ಕಲ್ಲು ಹೇರಿದ್ದರು. ಆಕೆ ಹಾಗೆ ಮಾಡದಿದ್ದರೆ ಎಲ್ಲವೂ ಒಂದೇ ಮುದ್ದೆಯಾಗುತ್ತಿತ್ತು.

ಮೇಷ್ಟ್ರ ‘ಕುರುಕ್ಷೇತ್ರ’ವನ್ನು ಎತ್ತಿಕೊಂಡೆ. ಮುನ್ನೂರು ಪುಟದ ನೋಟುಬುಕ್ಕು. ಅವರು ನಾಟಕವನ್ನು ಬರೆದಿದ್ದದ್ದು ಶಾಯಿಯಲ್ಲಿ. ನೀರು ಅದನ್ನು ಪೂರ್ತಿ ತೊಳೆದಿತ್ತು. ಪುಟಗಳ ಮೇಲೆ ತೆಳು ನೀಲಿಯ ಮಂಜು ಮಾತ್ರ. ಆದರೆ ಅಂಚಿನಲ್ಲಿ ಅವರು ವರ್ಷವರ್ಷವೂ ಸೀಸದ ಕಡ್ಡಿಯಿಂದ ಗುರುತು ಹಾಕಿದ್ದರಲ್ಲ, ಅದು ಒಂದಕ್ಷರವೂ ಅಳಿಸಿರಲಿಲ್ಲ. ಸೀಸದ ಕಡ್ಡಿಯ ಪುಡಿ ನೀರಿನಲ್ಲಿ ಕರಗುವುದಲ್ಲ. ಹೀಗೆ ನಾಟಕ ಹೋಗಿತ್ತು, ಅಂಚು ಉಳಿದಿತ್ತು. ‘ಇಲ್ಲಿ ಬಿಡುವುದು.’ ‘ಈ ಊರಿನ ಭೀಮನಿಗೆ ದಮ್ಮು ಸಾಲದು, ಎರಡೇ ಸಾಲು.’ ‘ಕರೆಂಟು ಹೋದರೆ ಈ ಪದ್ಯ ಇನ್ನೊಮ್ಮೆ.’ ‘ಕರ್ಣ ಅಳುವ ತನಕ ಶ್ರುತಿ ಬಿಡಬಾರದು.’ ಖಾಲಿ ಪುಟಗಳ ಬದಿಯಲ್ಲಿ ಐವತ್ತು ವರ್ಷದ ರಾತ್ರಿಗಳು ಹೀಗೆ ನಿಂತಿದ್ದವು.

“ಅಚ್ಚಿನ ಕುರುಕ್ಷೇತ್ರ ಅಂಗಡಿಯಲ್ಲಿ ಸಿಕ್ಕುತ್ತಲ್ಲ ಮೇಷ್ಟ್ರೆ, ತಂದುಕೊಡಲೆ?” ಎಂದೆ. ಮುದುಕರು ತಲೆಯಾಡಿಸಿದರು. “ಅದು ಬುಕ್ಕಿನ ಕುರುಕ್ಷೇತ್ರ ಕಣ್ರೀ. ನಮ್ಮದು ಬ್ಯಾರೆ.”

ಬೇರೆಯೆಂಬುದು ನಿಜ. ಆದ್ದರಿಂದ ಆ ಬೇರೆಯದನ್ನೇ ಮತ್ತೆ ಬರೆಯಬೇಕೆಂದು ತೊಡಗಿದೆವು. ಮೇಷ್ಟ್ರಿಗೆ ಪದ್ಯಗಳು ನೆನಪಿದ್ದವು, ಹಾರ್ಮೋನಿಯಂ ಮುಂದಿಟ್ಟರೆ ಮಾತ್ರ, ಮಾತುಗಳು ಜಾರಿದ್ದವು. ಮಾತಿಗಾಗಿ ಪಾತ್ರಧಾರಿಗಳನ್ನು ಹುಡುಕಬೇಕಾಯಿತು. ಇಬ್ಬರು ವಿದ್ಯಾರ್ಥಿಗಳೊಡನೆ ಎರಡು ಬೇಸಿಗೆ, ರಜೆಯ ದಿನಗಳಲ್ಲಿ, ನಂಜನಗೂಡಿನಿಂದ ಕಪಿಲೆಯನ್ನೇ ಅನುಸರಿಸಿ ತಿರುಮಕೂಡಲಿನವರೆಗೆ ಹಳ್ಳಿಹಳ್ಳಿ ತಿರುಗಿದೆವು. ಭೀಮ ಗೊಬ್ಬರದ ಅಂಗಡಿಯಲ್ಲಿ ಸಿಕ್ಕಿದ. ಗಿರಾಕಿಗಳನ್ನು ನಿಲ್ಲಿಸಿ ಗದಾಯುದ್ಧದ ಮಾತನ್ನು ಪೂರ್ತಿ ಒಪ್ಪಿಸಿದ. ಕೃಷ್ಣ ನಿವೃತ್ತ ಉಪಾಧ್ಯಾಯರು. ಪಾರ್ಟನ್ನು ದೇವರ ಪಟದ ಹಿಂದೆ ಇಟ್ಟಿದ್ದರು. ಪ್ರತಿಯೊಬ್ಬನಿಗೂ ತನ್ನ ಮಾತು ಅಕ್ಷರಶಃ ನೆನಪಿತ್ತು. ಎದುರಿನವನ ಮಾತು ಕೊನೆಯ ಎರಡು ಪದ ಬಿಟ್ಟು ಏನೂ ಗೊತ್ತಿರಲಿಲ್ಲ. ‘ಹ್ಯಾಮ್ಲೆಟ್’ ನಾಟಕದ 1603ರ ಮುದ್ರಣವನ್ನು ಕುರಿತು ವಿದ್ವಾಂಸರಲ್ಲಿ ಒಂದು ಊಹೆ ಉಂಟು: ಸಣ್ಣ ಪಾತ್ರ ವಹಿಸಿದ ನಟನೊಬ್ಬ ನೆನಪಿನಿಂದ ಹೇಳಿ ಬರೆಸಿದ ಪಾಠವದು, ಆದ್ದರಿಂದಲೇ ಮಾರ್ಸೆಲಸ್ ಎಂಬ ಕಾವಲುಗಾರನ ಮಾತುಗಳು ಮಾತ್ರ ಅಚ್ಚುಕಟ್ಟಾಗಿವೆ ಎಂದು. ತರಗತಿಯಲ್ಲಿ ಕೇಳಿದಾಗ ಆ ಊಹೆ ನನಗೆ ಪಂಡಿತರ ಕಸರತ್ತೆಂದು ತೋರಿತ್ತು. ಗೊಬ್ಬರದ ಅಂಗಡಿಯಲ್ಲಿ ನಿಂತು ಭೀಮನ ಮಾತು ಬರೆದುಕೊಂಡಾಗ ಅದು ಕಸರತ್ತೆಂದು ಅನ್ನಿಸಲಿಲ್ಲ.

ನಿಜವಾದ ನಿಧಿ ಸಿಕ್ಕಿದ್ದು ನಿರೀಕ್ಷಿಸದ ಕಡೆ. ನಮ್ಮ ಹಳ್ಳಿಯ ನಾಟಕಗಳಲ್ಲಿ ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ನಟಿಯರನ್ನು ಮೈಸೂರು, ಮಂಡ್ಯಗಳಿಂದ ಕರೆಸುತ್ತಾರೆ. ಇಂದು ಈ ಊರು, ನಾಳೆ ಆ ಊರು. ಅಭ್ಯಾಸಕ್ಕೆ ಕೊನೆಯ ಒಂದೆರಡು ದಿನ ಬಂದರೆ ಹೆಚ್ಚು. ಹಾಕಿದ ಪೋಸ್ಟರಿನಲ್ಲಿ ಅವರ ಚಿತ್ರ ಕೆಳಗೆ, ಸಣ್ಣದಾಗಿ. ಅಂಥವರಲ್ಲಿ ಒಬ್ಬರು, ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿರುವ ಹಿರಿಯರು, ಈ ಮೇಷ್ಟ್ರ ನಾಟಕದಲ್ಲಿ ಇಪ್ಪತ್ತು ವರ್ಷ ದ್ರೌಪದಿಯಾಗಿದ್ದವರು. ಅವರ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. “ನಮಗ್ಯಾರು ಬುಕ್ಕು ಕೊಡ್ತಿದ್ರು ಸ್ವಾಮಿ? ಸೈಡ್ ವಿಂಗಿನಲ್ಲಿ ನಿಂತು ಕೇಳಿಸಿಕೊಂಡದ್ದು” ಎಂದರು. 

ಹಾಗೆ ಕೇಳಿಸಿಕೊಂಡದ್ದರಿಂದ ಅವರಿಗೆ ಎಲ್ಲರ ಮಾತೂ ಗೊತ್ತಿತ್ತು! ಒಂದು ಮಧ್ಯಾಹ್ನವೆಲ್ಲ ಅವರು ಸಭಾಪರ್ವದ ಸೀನನ್ನು ನುಡಿದರು, ದುರ್ಯೋಧನನಾಗಿ, ದುಶ್ಶಾಸನನಾಗಿ, ಭೀಷ್ಮನಾಗಿ. ಯಾವ ಮೇಷ್ಟ್ರು ಯಾವ ಪದ್ಯವನ್ನು ಬಿಡುತ್ತಿದ್ದರು, ಯಾರು ಯಾವ ರಾಗಕ್ಕೆ ತಿರುಗಿಸುತ್ತಿದ್ದರು ಎಂಬುದನ್ನು ಬೇರೆಬೇರೆಯಾಗಿ ಹೇಳಿದರು. ಹೊಟ್ಟೆಪಾಡಿಗೆ ಊರೂರು ತಿರುಗಿದ ಈ ಹೆಂಗಸರ ತಲೆಯಲ್ಲಿ ಒಂದಲ್ಲ, ಹಲವಾರು ಕುರುಕ್ಷೇತ್ರಗಳಿವೆ. ಪಾರ್ಟು ಪುಸ್ತಕಗಳ ಬೆನ್ನು ಹತ್ತಿದವರು ಪುಸ್ತಕವಿಲ್ಲದ ಈ ಕಲಾವಿದೆಯರ ಮನೆಗೆ ಮೊದಲು ಹೋಗಬೇಕು. ಅವರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ.

ಇಷ್ಟಾದರೂ ಶಕುನಿ ಸಿಕ್ಕಲಿಲ್ಲ. ಆ ಪಾತ್ರ ವಹಿಸುತ್ತಿದ್ದವರು ಪ್ರವಾಹಕ್ಕೆ ಮೊದಲೇ ತೀರಿಕೊಂಡಿದ್ದರು. ಅವರ ಪಾರ್ಟು ಅವರ ಜೊತೆಗೆ ಚಿತೆಗೆ ಹೋಯಿತೆಂದು ಮನೆಯವರು ಹೇಳಿದರು. ದ್ಯೂತದ ಸೀನಿನಲ್ಲಿ ದ್ರೌಪದಿ ರಂಗದ ಹಿಂದೆ ಸೀರೆ ಬದಲಿಸುವ ಹೊತ್ತಾದ್ದರಿಂದ ಆಕೆಯೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಆದರೆ ಶಕುನಿಗೆ ಉತ್ತರ ಕೊಡುವ ಧರ್ಮರಾಯನ ಪಾರ್ಟು, ದುರ್ಯೋಧನನ ಪಾರ್ಟು ನಮ್ಮ ಕೈಗೆ ಬಂದಿದ್ದವು. ಅವುಗಳಲ್ಲಿ ಶಕುನಿಯ ಪ್ರತಿಯೊಂದು ಮಾತಿನ ಕೊನೆಯ ಎರಡು ಮೂರು ಪದಗಳು ಇದ್ದವು. ‘... ಪಣವಾಗಿ ಇಡು’, ‘... ನನ್ನ ತಂಗಿಯ ಮಗನೆ’, ‘... ಈ ದಾಳಕ್ಕೆ ಗೊತ್ತು’. ಮಾತುಗಳು ಹೇಗೆ ಮುಗಿಯುತ್ತಿದ್ದವೆಂದು ಗೊತ್ತು; ಹೇಗೆ ಹೊರಟು ಅಲ್ಲಿಗೆ ಬರುತ್ತಿದ್ದವೆಂದು ಗೊತ್ತಿಲ್ಲ. ಅಚ್ಚಿನ ಪುಸ್ತಕಗಳಿಂದ ತುಂಬಬಹುದಿತ್ತು. ಮೇಷ್ಟ್ರು ಬೇಡವೆಂದರು. ಆದ್ದರಿಂದ ನಾವು ಮಾಡಿದ ಶುದ್ಧಪ್ರತಿಯಲ್ಲಿ ಶಕುನಿಯ ಮಾತು ಬರುವಲ್ಲೆಲ್ಲ ಆರೇಳು ಸಾಲು ಖಾಲಿ ಬಿಟ್ಟು, ಕೊನೆಯ ಪದಗಳನ್ನು ಮಾತ್ರ ಬರೆದೆವು. ಶಾಯಿಯಲ್ಲಲ್ಲ, ಬಾಲ್‌ಪೆನ್ನಿನಲ್ಲಿ. ಎಲ್ಲ ಪುಟಗಳ ಛಾಯಾಚಿತ್ರ ತೆಗೆದು ಎರಡು ಕಡೆ ಇಟ್ಟೆವು. ನೀರಿನಲ್ಲಿ ತೊಯ್ದ ಮೂಲಪ್ರತಿಯನ್ನು ಮೇಷ್ಟ್ರು ತಾವಾಗಿಯೇ ನನಗೆ ಕೊಟ್ಟರು, ಅದು ಬೀರುವಿನಲ್ಲಿದೆ. ಶುದ್ಧಪ್ರತಿ ಅವರ ಮನೆಯ ಅಟ್ಟದ ಮೇಲೆ, ನೀರು ಬಂದರೂ ಮುಟ್ಟಲಾರದ ಎತ್ತರದಲ್ಲಿದೆ.

ಆ ಪ್ರತಿಯಿಂದ ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯವರು ಕಳೆದ ಸುಗ್ಗಿಯಲ್ಲಿ ನಾಟಕ ಕಲಿತರು. ಶಕುನಿಯ ಪಾತ್ರ ಬಿದ್ದದ್ದು ಐ.ಟಿ.ಐ. ಓದಿದ ಹುಡುಗನಿಗೆ. ಖಾಲಿ ಸಾಲುಗಳನ್ನು ಕಂಡು ಆತ ಗಾಬರಿಯಾಗಿ ಮೇಷ್ಟ್ರನ್ನು ಕೇಳಿದನಂತೆ. “ಕೊನೆಗೆ ಬಂದು ಅಲ್ಲಿ ನಿಂತರೆ ಸರಿ, ಎದುರಿನವನು ಎತ್ತಿಕೊಳ್ತಾನೆ, ನಡುವೆ ಏನ್ ಹೇಳ್ತೀಯೋ ಹೇಳು” ಎಂದರಂತೆ ಅವರು. ಅಭ್ಯಾಸದ ದಿನಗಳಲ್ಲಿ ಹುಡುಗ ಒಂದೊಂದೇ ಖಾಲಿ ಜಾಗವನ್ನು ತುಂಬುತ್ತ ಬಂದ. ಮೊನ್ನೆ ಪುಸ್ತಕವನ್ನು ನೋಡಲು ಹೋಗಿದ್ದೆ. ಏಳು ಕಡೆ ತುಂಬಿದ್ದಾನೆ, ಇನ್ನು ನಾಲ್ಕು ಉಳಿದಿವೆ. ಅವನ ಅಕ್ಷರ ದೊಡ್ಡದು, ಒತ್ತಕ್ಷರಗಳಲ್ಲಿ ತಪ್ಪುಗಳಿವೆ. ಐದನೆಯ ಮಾತಿನ ಬದಿಯಲ್ಲಿ ಸೀಸದ ಕಡ್ಡಿಯಿಂದ ಮೇಷ್ಟ್ರು ಬರೆದಿದ್ದಾರೆ: ‘ಪರವಾಗಿಲ್ಲ. ಉದ್ದವಾಯಿತು.’